ಒಂಬತ್ತು ಸಾವಿರ ಸುತ್ತಿನ ಮೋಹ

ಕಾರು ಕಾಣುವ ಮೊದಲೇ ದನಿ ಬಂತು. ಜರ್ಮನಿಯ ಐಫೆಲ್ ಬೆಟ್ಟಗಳ ನಡುವಿನ ನ್ಯೂರ್ಬುರ್ಗ್‌ರಿಂಗ್‌ನಲ್ಲಿ, 20.8 ಕಿಲೋಮೀಟರ್ ಉದ್ದದ ಹಳೆಯ ಟ್ರ್ಯಾಕ್‌ನ ಬ್ರ್ಯುನ್‌ಶೆನ್ ತಿರುವಿನ ಬೇಲಿಗೆ ಒರಗಿ ನಿಂತಿದ್ದೆವು. ದುಡ್ಡು ಕಟ್ಟಿದವರೆಲ್ಲ ತಮ್ಮ ಕಾರು ಓಡಿಸಬಹುದಾದ ಸಂಜೆ ಅದು. ಮರಗಳಾಚೆ ಏರುತ್ತಾ ಬಂದ ಆ ದನಿ, ಇನ್ನೇನು ಮುಗಿಯಿತು ಅನ್ನುವಾಗ ಮತ್ತೂ ಮೇಲೇರಿತು. ಅದರ ಹಿಂದೆಯೇ ಪೋರ್ಷೆ 718 ಕೇಮನ್ ಜಿಟಿ4 ಆರ್‌ಎಸ್ ಇಳಿದು ಬಂತು. ಸ್ಟಟ್‌ಗಾರ್ಟ್‌ನಲ್ಲಿ ಎಂಜಿನಿಯರಾಗಿರುವ ನನ್ನ ಸೋದರತ್ತೆಯ ಮಗ, ‘ಕೇಳಿದ್ರಾ ಭಾವ? ಅದ್ರಲ್ಲಿರೋದು ಜಿಟಿ3 ಎಂಜಿನ್ನೇ’ ಅಂದ. ಆಗ ಜುಂ ಎಂದ ಮೈ ಆ ಸಂಜೆಯನ್ನು ನೆನೆದರೆ ಈಗಲೂ ಜುಂ ಅನ್ನುತ್ತದೆ.

ಬೇಲಿ ಹಿಡಿದು ನಿಂತವರ ನಡುವೆ ಅಷ್ಟರಲ್ಲಿ ಜೋರು ವಾದ ಶುರುವಾಗಿತ್ತು. ಟ್ರ್ಯಾಕ್‌ಗೆಂದೇ ಹದಗೊಳಿಸಿದ, ರಸ್ತೆಯಲ್ಲೂ ಓಡಿಸಬಹುದಾದ ಇಂಥ ದುಬಾರಿ ಕಾರಿಗೆ ಟರ್ಬೊ ಬೇಕೇ, ಬೇಡವೇ? ಗಡಿಯಾರದ ಲೆಕ್ಕದಲ್ಲಿ ಟರ್ಬೊ ಗೆದ್ದಾಗಿದೆ. 2017ರಲ್ಲಿ ಇದೇ ಟ್ರ್ಯಾಕ್‌ನಲ್ಲಿ ಪೋರ್ಷೆಯದೇ 700 ಅಶ್ವಶಕ್ತಿಯ ಟರ್ಬೊ ಕಾರು 911 ಜಿಟಿ2 ಆರ್‌ಎಸ್ ಒಂದು ಸುತ್ತನ್ನು 6 ನಿಮಿಷ 47.3 ಸೆಕೆಂಡಿನಲ್ಲಿ ಮುಗಿಸಿತು. ಅದೇ ವರ್ಷದ, ಟರ್ಬೊ ಇಲ್ಲದ 500 ಅಶ್ವಶಕ್ತಿಯ 911 ಜಿಟಿ3ಗೆ 7 ನಿಮಿಷ 12.7 ಸೆಕೆಂಡು ಹಿಡಿಯಿತು. ಆದರೂ ಬೇಲಿ ಬಳಿಯ ಮುಕ್ಕಾಲು ಪಾಲು ಮಂದಿ ಜಿಟಿ3 ಪರವೇ. ನಾನೂ ಆ ಕಡೆಯವನೇ.

ಕಾರಣ ಸರಳ. ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊ ತಿರುಗುವುದು ಆ ಎಂಜಿನ್ನಿನದೇ ಹೊಗೆಯ ಒತ್ತಡದಿಂದ. ಆ ಒತ್ತಡ ಕೂಡಿಬರಲು ಕ್ಷಣಮಾತ್ರವಾದರೂ ಕಾಯಬೇಕು. ನೇರ ರಸ್ತೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ತಿರುವಿನ ಮಧ್ಯೆ, ಟೈರು ಇನ್ನೇನು ಜಾರಬೇಕೆನ್ನುವಾಗ ಚಾಲಕ ಕಾರಿನ ಸಮತೋಲ ಕಾಯುವುದು ಆಕ್ಸಿಲರೇಟರ್ ಮೇಲಿನ ಹೆಬ್ಬೆರಳಿನಿಂದಲೇ. ಅಲ್ಲಿ ಕಾಲು ಹೇಳಿದ್ದನ್ನು ಎಂಜಿನ್ ಆ ಗಳಿಗೆಯಲ್ಲೇ ಕೇಳಬೇಕು.

ಟರ್ಬೊ ಬೇಡವೆನ್ನುವ ಈ ಗುಂಪಿನಲ್ಲೂ ಒಂದು ಮಡಿವಂತ ಪಂಗಡವಿದೆ. ಅವರಿಗೆ ‘ಮೆಟ್ಸ್‌ಗರ್ ಎಂಜಿನ್’ ಒಂದೇ ಎಂಜಿನ್. 911ರ ಮೂಲ ಆರು ಸಿಲಿಂಡರ್ ಎಂಜಿನ್ನಿನ ಹಿಂದಿದ್ದವರು ಹಾನ್ಸ್ ಮೆಟ್ಸ್‌ಗರ್. 1970ರಲ್ಲಿ ಪೋರ್ಷೆಗೆ ಲೆ ಮಾನ್ಸ್ ರೇಸಿನ ಮೊದಲ ಒಟ್ಟಾರೆ ಗೆಲುವು ತಂದ 917 ಕಾರಿನ ಹನ್ನೆರಡು ಸಿಲಿಂಡರ್ ಎಂಜಿನ್ನೂ ಅವರದೇ. 1999ರ ಮೊದಲ ಜಿಟಿ3ಗೆ ಬಂದದ್ದು, ಹಿಂದಿನ ವರ್ಷ ಲೆ ಮಾನ್ಸ್ ಗೆದ್ದ ಜಿಟಿ1 ಕಾರಿನ ವಂಶದ ಎಂಜಿನ್. ಅದೇ ಕಾಲದ ಸಾಮಾನ್ಯ 911ಗಳ ಹೊಸ ಎಂಜಿನ್ನಿನಲ್ಲಿ ಬೇರಿಂಗ್ ಕೈಕೊಟ್ಟ ಪ್ರಕರಣಗಳು ಈ ಭಕ್ತಿಯನ್ನು ಇಮ್ಮಡಿಗೊಳಿಸಿದವು. ರಸ್ತೆಯ ಕಾರುಗಳಲ್ಲಿ ಆ ಪರಂಪರೆ 2011ರ ಜಿಟಿ3 ಆರ್‌ಎಸ್ 4.0ರೊಂದಿಗೆ ಮುಗಿಯಿತು. ತಯಾರಾದದ್ದು 600 ಕಾರು. 2013ರಲ್ಲಿ ಜಿಟಿ3ಗೆ ನಿಮಿಷಕ್ಕೆ 9,000 ಸುತ್ತು (ಆರ್‌ಪಿಎಂ) ತಿರುಗುವ ಹೊಸ ಎಂಜಿನ್ ಬಂತು. ಮರುವರ್ಷವೇ ಕನೆಕ್ಟಿಂಗ್ ರಾಡಿನ ಬೋಲ್ಟ್ ಸಡಿಲಗೊಂಡು ಎರಡು ಕಾರಿಗೆ ಬೆಂಕಿ ಹತ್ತಿತು. ಕಂಪನಿ 785 ಕಾರುಗಳನ್ನು ನಿಲ್ಲಿಸಿ ಎಂಜಿನ್ನನ್ನೇ ಬದಲಿಸಿತು. ಮಡಿವಂತರು ಈಗಲೂ ಅದನ್ನೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆ ಎಂಜಿನ್ನಿನ ನಾಲ್ಕು ಲೀಟರ್ ರೂಪ ಮುಂದೆ ಪೋರ್ಷೆಯ ಕಪ್ ರೇಸುಗಳಲ್ಲಿ ದುಡಿದು ತನ್ನ ತಾಕತ್ತು ತೋರಿಸಿದೆ.

ಜಿಟಿ4 ಆರ್‌ಎಸ್‌ನಲ್ಲಿ ಇರುವುದು ಆ ನಾಲ್ಕು ಲೀಟರ್ ಎಂಜಿನ್ನೇ. ಕಾರು ಪಾರ್ಕಿಂಗ್‌ಗೆ ಬಂದಾಗ ಮಾತಾಡಿಸಿದೆವು. ಒಡೆಯ ಖುಷಿಯಿಂದ ಬಾಗಿಲು ತೆರೆದು ಕೂರಿಸಿದ. ಕೇಮನ್‌ನಲ್ಲಿ ಬಾಗಿಲ ಹಿಂದೆ ಪುಟ್ಟ ಗಾಜಿನ ಕಿಟಕಿ ಇರುತ್ತದಲ್ಲ, ಇಲ್ಲಿ ಅದು ಇಲ್ಲ; ಆ ಜಾಗದಲ್ಲಿ ಗಾಳಿ ಒಳಸೇರುವ ಸೀಳುಗಂಡಿಗಳು. 911ರಲ್ಲಿ ಹಿಂದಿನ ಚಕ್ರಗಳಾಚೆ ತೂಗುವ ಎಂಜಿನ್ ಇಲ್ಲಿ ಸೀಟಿನ ಬೆನ್ನಿಗೇ ಇದೆ. ಹಾಗಾಗಿ ಅದು ಉಸಿರೆಳೆಯುವುದು ನಮ್ಮ ಎರಡೂ ಕಿವಿಗಳ ಪಕ್ಕದಲ್ಲಿ. ಒಡೆಯ ನಿಂತಲ್ಲೇ ಒಮ್ಮೆ ರೇಸ್ ಕೊಟ್ಟ. ಹಿಂದಿನ ಸೈಲೆನ್ಸರ್ ಸದ್ದು ಬೇರೆ, ಇದು ಬೇರೆ. ಶಂಖದ ಬಾಯಿಗೆ ಕಿವಿ ಒಡ್ಡಿ, ಯಾರೋ ಆಚೆಯಿಂದ ಊದಿದ ಹಾಗಾಯಿತು. ಆರೂ ಸಿಲಿಂಡರಿಗೆ ಒಂದೊಂದು ಥ್ರಾಟಲ್ ಕವಾಟ. ಗಾಳಿ ದೂರ ಸುತ್ತಿ ಬರಬೇಕಿಲ್ಲ. ಬೆರಳು ಒತ್ತುವುದಕ್ಕೂ ದನಿ ಏರುವುದಕ್ಕೂ ನಡುವೆ ಏನೂ ಇಲ್ಲ. ಇಳಿಯಲು ಮನಸ್ಸೇ ಬರಲಿಲ್ಲ. ಸಾಮಾನ್ಯ ಜಿಟಿ4ಗಿಂತ ಇದು ಈ ಟ್ರ್ಯಾಕ್‌ನಲ್ಲಿ 23.6 ಸೆಕೆಂಡು ಬೇಗ ಸುತ್ತು ಮುಗಿಸಿದೆ. ಅಷ್ಟಕ್ಕೂ ಎಂಜಿನ್ನೊಂದೇ ಕಾರಣವಲ್ಲ, ಟೈರು ಮತ್ತು ರೆಕ್ಕೆಗಳ ಪಾಲೂ ಇದೆ.

ರೇಸ್ ಎಂಜಿನ್ನನ್ನೇ ರಸ್ತೆಗಿಳಿಸುವ ಹುಮ್ಮಸ್ಸು ಅತಿಯಾಗುವುದೂ ಉಂಟು. ಮರ್ಸಿಡಿಸ್-ಎಎಂಜಿ ಒನ್‌ನಲ್ಲಿರುವುದು ಫಾರ್ಮುಲಾ ಒನ್ನಿನ 1.6 ಲೀಟರ್ ಹೈಬ್ರಿಡ್ ಟರ್ಬೊ. 2022ರಲ್ಲಿ ಇಲ್ಲೇ 6 ನಿಮಿಷ 35.183 ಸೆಕೆಂಡಿನ ದಾಖಲೆ ಬರೆಯಿತು. ಆದರೆ ಅದರ ಎಂಜಿನ್ 50,000 ಕಿಲೋಮೀಟರಿಗೆ ಬಿಚ್ಚಿ ದುರಸ್ತಿ ಬೇಡುತ್ತದೆ. ಅದು ಅದ್ಭುತ ಸಾಧನೆ, ನಿಜ. ಕಾರಿಗೆ ತಕ್ಕ ಎಂಜಿನ್ ಅಂತ ಮಾತ್ರ ನನಗೆ ಅನ್ನಿಸುವುದಿಲ್ಲ.

ಹೊಗೆ ನಿಯಮಗಳು ಈಗ ಜಿಟಿ3ಯನ್ನೂ ಬಿಗಿಯುತ್ತಿವೆ. 2024ರಲ್ಲಿ ಬಂದ ಹೊಸ ಜಿಟಿ3ಗೆ ನಾಲ್ಕು ಕ್ಯಾಟಲಿಟಿಕ್ ಕನ್ವರ್ಟರ್, ಎರಡು ಕಣ ಶೋಧಕ. ಟಾರ್ಕ್ 470ರಿಂದ 450 ನ್ಯೂಟನ್ ಮೀಟರಿಗೆ ಇಳಿದಿದೆ. ಟರ್ಬೊ ಹಾಕಿದ್ದರೆ ಆ ಕೊರತೆ ಸುಲಭವಾಗಿ ನೀಗುತ್ತಿತ್ತು, ಪೋರ್ಷೆಯವರು ಹಾಕಲಿಲ್ಲ. 510 ಅಶ್ವಶಕ್ತಿ, 9,000 ಆರ್‌ಪಿಎಂ ಎರಡನ್ನೂ ಉಳಿಸಿಕೊಂಡರು. ಅವರು ಮಾಡಿದ್ದೇ ಸರಿ.