ಅಳುವೆಲ್ಲ ನಾಟಕವಲ್ಲ

“ಅವಳದೆಲ್ಲ ಬರೀ ನಾಟಕ” ಎಂಬ ಮಾತನ್ನು ನಮ್ಮ ಮನೆಗಳಲ್ಲಿ ನಾವು ಎಷ್ಟೋ ಸಲ ಆಡಿದ್ದೇವೆ. ಮದುವೆಮನೆಯಲ್ಲಿ ಎಲ್ಲರ ಕಣ್ಣೂ ತಮ್ಮ ಮೇಲಿರಬೇಕೆಂದು ಬಯಸುವವರು, ಸಣ್ಣ ಮಾತಿಗೂ ಕಣ್ಣೀರುಗರೆಯುವವರು, ನಿನ್ನೆ ಪರಿಚಯವಾದವರನ್ನು ಇಂದು ಆಪ್ತರೆಂದು ಸಾರುವವರು ಯಾವ ಕುಟುಂಬದಲ್ಲಿಲ್ಲ? ಇವರೆಲ್ಲ ರೋಗಿಗಳಲ್ಲ. ಇಂಥ ನಡತೆಯೇ ಬಾಳಿನ ಸ್ಥಿರ ರೀತಿಯಾಗಿ, ಸಂಬಂಧಗಳನ್ನೂ ಉದ್ಯೋಗವನ್ನೂ ಕೆಡಿಸತೊಡಗಿದಾಗ ಮಾತ್ರ ಮನೋವೈದ್ಯರು ಅದನ್ನು ‘ಹಿಸ್ಟ್ರಿಯಾನಿಕ್’ ಅಥವಾ ನಾಟಕೀಯ ವ್ಯಕ್ತಿತ್ವ ದೋಷವೆಂದು ಕರೆಯುತ್ತಾರೆ. ಹಾಗೆ ಗುರುತಿಸುವುದು ಅವರಿಗೂ ಸುಲಭವಲ್ಲ.

ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿಯು ಇದಕ್ಕೆ 8 ಲಕ್ಷಣಗಳನ್ನು ಹೇಳಿದೆ. ಅವುಗಳಲ್ಲಿ ಕನಿಷ್ಠ 5 ಲಕ್ಷಣಗಳು ಯೌವನದ ಆರಂಭದಿಂದಲೇ, ಬೇರೆಬೇರೆ ಸಂದರ್ಭಗಳಲ್ಲಿ ಕಂಡುಬಂದಿರಬೇಕು. ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲಿ ನೆರವಾಗದು. ಎಲ್ಲವೂ ‘ಅತಿ’ ಎಂಬ ಅಳತೆಯನ್ನು ಅವಲಂಬಿಸಿದೆ. ಆದರೆ ಯಾವುದು ಅತಿ? ಸಾವಿನ ಮನೆಯಲ್ಲಿ ಎದೆ ಬಡಿದುಕೊಂಡು ಅಳುವುದು ಒಂದೂರಿನಲ್ಲಿ ಸಹಜ, ಇನ್ನೊಂದೂರಿನಲ್ಲಿ ವಿಪರೀತ.

ಇದಲ್ಲದೆ, “ನನ್ನ ಸ್ವಭಾವ ಸರಿಯಿಲ್ಲ” ಎಂದು ವೈದ್ಯರ ಬಳಿ ಹೋಗುವವರು ವಿರಳ. ಸಂಬಂಧ ಮುರಿದುಬಿದ್ದಾಗಲೋ ಖಿನ್ನತೆ ಕವಿದಾಗಲೋ ಅವರು ಹೋಗುತ್ತಾರೆ. ಉನ್ಮಾದ ರೋಗದಲ್ಲಿಯೂ ಮಾತು, ಉಡುಗೆ, ಉತ್ಸಾಹಗಳು ಮೇರೆ ಮೀರುತ್ತವೆ; ಆದರೆ ಅದು ಕೆಲಕಾಲ ಕಾಣಿಸಿಕೊಂಡು ಇಳಿಯುತ್ತದೆ. ಇತರ ವ್ಯಕ್ತಿತ್ವ ದೋಷಗಳ ಲಕ್ಷಣಗಳೂ ಇದರೊಡನೆ ಬೆರೆತಿರುವುದುಂಟು. ಆದುದರಿಂದ ಒಂದೇ ಭೇಟಿಯಲ್ಲಿ ತೀರ್ಪು ಸಲ್ಲದು. ಹಲವು ಸಲದ ಮಾತುಕತೆ ಬೇಕು; ಮನೆಯವರು ಹೇಳುವ ವಿವರವೂ ಬೇಕು.

ವೈದ್ಯರ ಕಣ್ಣಿಗೂ ಪೂರ್ವಗ್ರಹದ ಪೊರೆ ಇರಬಹುದು. ಗರ್ಭಕೋಶವೆಂಬ ಅರ್ಥದ ಗ್ರೀಕ್ ಪದದಿಂದ ಬಂದ ‘ಹಿಸ್ಟೀರಿಯಾ’ ಶತಮಾನಗಳ ಕಾಲ ಹೆಂಗಸರ ರೋಗವೆನಿಸಿತ್ತು. ಇಂದಿನ ಹೆಸರು ಆ ಕೈಪಿಡಿಯಲ್ಲಿ ಮುಖ್ಯ ಹೆಸರಾದದ್ದು 1980ರಲ್ಲಿ. 1989ರಲ್ಲಿ ಫೋರ್ಡ್ ಮತ್ತು ವಿಡಿಗರ್ ಎಂಬ ಸಂಶೋಧಕರು ಒಂದೇ ವೃತ್ತಾಂತವನ್ನು ಹೆಣ್ಣಿನದೆಂದೂ ಗಂಡಿನದೆಂದೂ ಬದಲಿಸಿ ಮನಶ್ಶಾಸ್ತ್ರಜ್ಞರ ಮುಂದಿಟ್ಟರು. ಹೆಣ್ಣಿನದೆಂದಾಗ ಈ ದೋಷದ ಹೆಸರು ಹೆಚ್ಚಾಗಿ ಕೇಳಿಬಂತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಂತೂ ಈ ಪ್ರತ್ಯೇಕ ಹೆಸರನ್ನೇ ಕೈಬಿಟ್ಟು, ವ್ಯಕ್ತಿತ್ವದ ತೊಡಕು ಎಷ್ಟು ತೀವ್ರವೆಂಬುದನ್ನು ಮೊದಲು ಅಳೆಯುತ್ತದೆ.

ತಜ್ಞರೇ ಇಷ್ಟು ಎಚ್ಚರದಿಂದ ಹೆಜ್ಜೆಯಿಡುವಲ್ಲಿ ನಾವು ಅಡುಗೆಮನೆಯಲ್ಲಿ ಕುಳಿತು ತೀರ್ಪು ಕೊಡುವುದು ಎಷ್ಟು ಸರಿ? ಒಮ್ಮೆ ‘ನಾಟಕ’ವೆಂಬ ಹಣೆಪಟ್ಟಿ ಅಂಟಿತೆಂದರೆ, ಆಮೇಲೆ ಬರುವ ನಿಜವಾದ ಎದೆನೋವೂ ನಾಟಕವಾಗಿ ಕಾಣುತ್ತದೆ. ಸಾಯುತ್ತೇನೆಂಬ ಮಾತನ್ನಂತೂ ಯಾರು ಆಡಿದರೂ, ಎಷ್ಟನೆಯ ಸಲ ಆಡಿದರೂ, ಹಗುರವಾಗಿ ಕಾಣಲಾಗದು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಸಲಹೆ ಪಡೆಯಬಹುದು. ಈ ದೋಷಕ್ಕೆಂದೇ ಮೀಸಲಾದ ಮಾತ್ರೆಯಿಲ್ಲ. ತಾಳ್ಮೆಯ ಮಾತುಕತೆಯ ಮೂಲಕ ನಡೆಯುವ ಮನೋಚಿಕಿತ್ಸೆಯೇ ಇದರ ಮುಖ್ಯ ಮದ್ದು. ಆ ತಾಳ್ಮೆಯನ್ನು ವೈದ್ಯರಿಗಿಂತ ಮೊದಲು ತೋರಬೇಕಾದವರು ಮನೆಯವರಾದ ನಾವೇ ಅಲ್ಲವೆ?