ಸಾಫ್ಟ್‌ವೇರ್ ಸಂದರ್ಶನ: ಯೋಚನೆಯನ್ನು ಬಾಯಿಬಿಟ್ಟು ಹೇಳಿ

ನಮ್ಮ ವಿದ್ಯಾರ್ಥಿವೇತನದ ನೆರವಿನಿಂದ ಎಂಜಿನಿಯರಿಂಗ್ ಮುಗಿಸಿದ ಮಕ್ಕಳು ಸಂದರ್ಶನದಿಂದ ಬಂದು ಹೆಚ್ಚಾಗಿ ಹೇಳುವ ಮಾತು ಒಂದೇ: “ಉತ್ತರ ಗೊತ್ತಿತ್ತು ಸರ್, ಬಾಯಿ ಕಟ್ಟಿಹೋಯಿತು.”

ಸಾಮಾನ್ಯವಾಗಿ ಮೊದಲು ಆನ್‌ಲೈನ್ ಪರೀಕ್ಷೆ, ಬಳಿಕ ಒಂದೆರಡು ತಾಂತ್ರಿಕ ಸುತ್ತು, ಕೊನೆಗೆ ಎಚ್‌ಆರ್ ಸುತ್ತು ಇರುತ್ತದೆ. ಬಾಯಿ ಕಟ್ಟುವುದು ತಾಂತ್ರಿಕ ಸುತ್ತಿನಲ್ಲಿ. ಅಲ್ಲಿ ಪದೇ ಪದೇ ಬರುವ ಒಂದು ಪ್ರಶ್ನೆ ನೋಡಿ: 1,000 ಸಂಖ್ಯೆಗಳ ಪಟ್ಟಿಯಲ್ಲಿ, ಕೂಡಿದರೆ 100 ಆಗುವ ಎರಡು ಸಂಖ್ಯೆಗಳನ್ನು ಹುಡುಕಬೇಕು. ಪ್ರತಿ ಜೋಡಿಯನ್ನೂ ಕೂಡಿ ನೋಡುವುದಾದರೆ ಸುಮಾರು 5 ಲಕ್ಷ ಜೋಡಿಗಳಾಗುತ್ತವೆ. ಅದರ ಬದಲು, ನೋಡಿದ ಸಂಖ್ಯೆಗಳನ್ನು ಹ್ಯಾಶ್ ಟೇಬಲ್‌ನಲ್ಲಿಟ್ಟು, ಮುಂದಿನ ಸಂಖ್ಯೆಗೆ ಬೇಕಾದ ಜೊತೆ ಅದರಲ್ಲಿದೆಯೇ ಎಂದು ನೋಡುತ್ತ ಹೋದರೆ, ಪಟ್ಟಿಯನ್ನು ಒಂದು ಸಲ ಓದಿದರೆ ಸಾಕು.

ಎರಡನೆಯ ದಾರಿ ಕೂಡಲೇ ಹೊಳೆಯದಿದ್ದರೆ ಚಿಂತೆಯಿಲ್ಲ. ಮೊದಲನೆಯದನ್ನೇ ಹೇಳಿ, ಅದು ಏಕೆ ನಿಧಾನ ಎಂದು ವಿವರಿಸಿದವರಿಗೆ ಸಂದರ್ಶಕರು ಎಷ್ಟೋ ಸಲ ಸುಳಿವು ಕೊಡುತ್ತಾರೆ. ಹತ್ತು ನಿಮಿಷ ಸುಮ್ಮನೆ ಕುಳಿತವರ ತಲೆಯಲ್ಲಿ ಏನಿದೆಯೆಂದು ಅವರಿಗೆ ತಿಳಿಯುವುದು ಹೇಗೆ?

ಹಲವರ ಮೌನಕ್ಕೆ ಕಾರಣ ಇಂಗ್ಲಿಷಿನ ಅಳುಕು. ಚಿಕ್ಕ ಚಿಕ್ಕ ವಾಕ್ಯಗಳು ಸಾಕು. ಆದರೆ ರೂಢಿ ಬೇಕು. ಹೆತ್ತವರಲ್ಲಿ ನಮ್ಮ ವಿನಂತಿ: ಮಕ್ಕಳು ದಿನಕ್ಕೊಂದು ಪ್ರಶ್ನೆಯನ್ನು ನಿಮ್ಮ ಮುಂದೆ ಗಟ್ಟಿಯಾಗಿ ಬಿಡಿಸಲಿ. ಅರ್ಥವಾಗದಿದ್ದರೂ ಕುಳಿತು ಕೇಳಿ. ಈ ಕ್ಷೇತ್ರದಲ್ಲಿರುವ ದಾನಿಗಳು ಒಂದು ಗಂಟೆ ಬಿಡುವು ಮಾಡಿಕೊಂಡು ಅಣಕು ಸಂದರ್ಶನ ನಡೆಸಿಕೊಟ್ಟರೆ, ಅದೂ ಹಣದಷ್ಟೇ ಬೆಲೆಯುಳ್ಳ ನೆರವು.