ಒಂದು ಖಾಲಿ ಸಾಲಿನ ಬೆಲೆ: ಕೋಡ್ ಜೊತೆಗಿರೋ ವಿವರಣೆಯನ್ನ ಒಪ್ಪ ಮಾಡೋದು ಹೇಗೆ?

ಇವತ್ತಿನ ವಿಷಯ ಕೇಳೋಕೆ ಸ್ವಲ್ಪ ಸಪ್ಪೆ ಅನ್ನಿಸಬಹುದು. ಸಾಫ್ಟ್‌ವೇರ್ ಲೈಬ್ರರಿಗಳಲ್ಲಿ ಕೋಡ್ ಜೊತೆಗೇ ಬರೆದಿರೋ ವಿವರಣೆಯನ್ನ ಒಪ್ಪ ಓರಣ ಮಾಡೋದು, ಅಂದ್ರೆ ಡಾಕ್ಯುಮೆಂಟೇಶನ್ ಫಾರ್ಮ್ಯಾಟಿಂಗ್. ಬೊಮ್ಮನಹಳ್ಳಿ ಸುತ್ತಮುತ್ತ ಪಿಜಿಗಳಲ್ಲಿ ಇದ್ದುಕೊಂಡು ಮೊದಲ ಕೆಲಸ ಹುಡುಕ್ತಿರೋ ಹುಡುಗ ಹುಡುಗಿಯರು ನನ್ನನ್ನ ಪದೇಪದೇ ಕೇಳೋ ಪ್ರಶ್ನೆ ಒಂದಿದೆ: "ಅಣ್ಣ, ಓಪನ್ ಸೋರ್ಸ್‌ಗೆ ಏನಾದ್ರೂ ಮಾಡಿ, ರೆಸ್ಯೂಮೆಗೆ ಒಳ್ಳೇದು ಅಂತಾರೆ. ಕೋಡ್ ಮುಟ್ಟೋಕೆ ಇನ್ನೂ ಧೈರ್ಯ ಇಲ್ಲ. ಬರೀ ಡಾಕ್ಯುಮೆಂಟೇಶನ್ ಸರಿ ಮಾಡಿದ್ರೆ ನಡೆಯುತ್ತಾ?"

ನನ್ನ ಉತ್ತರ: ನಡೆಯುತ್ತೆ, ಚೆನ್ನಾಗೇ ನಡೆಯುತ್ತೆ. ಆದ್ರೆ ಒಂದು ಷರತ್ತಿದೆ. ಇದೇ ಥರದ ಕೆಲಸ 2018ರಲ್ಲಿ ಒಂದು ದೊಡ್ಡ ಲೈಬ್ರರಿಗೆ ವರ ಆಯ್ತು. 2020ರಲ್ಲಿ ಇದೇ ಹೆಸರಿನ ಕೆಲಸ ನೂರಾರು ಪ್ರಾಜೆಕ್ಟ್‌ಗಳಿಗೆ ಕಾಟ ಆಯ್ತು. ಎರಡರ ನಡುವಿನ ವ್ಯತ್ಯಾಸ ಏನು ಅನ್ನೋದೇ ಈ ಸಂಚಿಕೆ.

ಮೊದಲ ಓದುಗ ಮನುಷ್ಯ ಅಲ್ಲ

ಪೈಥಾನ್ ಉದಾಹರಣೆಯನ್ನೇ ತಗೋತೀನಿ, ಕಾಲೇಜಲ್ಲಿ ಹೆಚ್ಚಿನವರು ಕಲಿತಿರೋದು ಅದೇ. ಒಂದು ಫಂಕ್ಷನ್ ಬರೆದಾಗ, ಅದರ ಹೆಸರಿನ ಕೆಳಗೆ ಮೂರು ಮೂರು ಉದ್ಧರಣ ಚಿಹ್ನೆಗಳ ನಡುವೆ "ಇದು ಏನು ಮಾಡುತ್ತೆ, ಏನು ಕೊಡಬೇಕು, ಏನು ವಾಪಸ್ ಬರುತ್ತೆ" ಅಂತ ಬರೀತೀವಲ್ಲ, ಅದು ಡಾಕ್‌ಸ್ಟ್ರಿಂಗ್. ಅದನ್ನ ಹೇಗೆ ಬರೀಬೇಕು ಅಂತ 2001ರಲ್ಲಿ ಡೇವಿಡ್ ಗುಡ್ಜರ್ ಮತ್ತು ಪೈಥಾನ್ ಹುಟ್ಟಿಸಿದ ಗೀಡೋ ವ್ಯಾನ್ ರೋಸಮ್ ಸೇರಿ ಒಂದು ಪುಟ್ಟ ನಿಯಮಾವಳಿ ಬರೆದ್ರು. ಅದರ ಹೆಸರು ಪೆಪ್ 257. ಮೊದಲ ಸಾಲಲ್ಲಿ ಒಂದೇ ವಾಕ್ಯದ ಸಾರಾಂಶ, ಕೊನೆಗೆ ಪೂರ್ಣವಿರಾಮ. ಇನ್ನೂ ವಿವರ ಇದ್ರೆ ನಡುವೆ ಒಂದು ಖಾಲಿ ಸಾಲು, ಆಮೇಲೆ ವಿವರ. ಮುಖ್ಯವಾದದ್ದು ಇಷ್ಟೇ.

"ಖಾಲಿ ಸಾಲು ಬಿಟ್ರೆ ಏನು, ಬಿಡದಿದ್ರೆ ಏನು? ಕೋಡ್ ಓಡುತ್ತಲ್ಲ?" ಓಡುತ್ತೆ. ಆದ್ರೆ ಈ ಬರಹವನ್ನ ಮೊದಲು ಓದೋದು ನೀವಲ್ಲ, ಇನ್ನೊಂದು ಪ್ರೋಗ್ರಾಂ. ಎಡಿಟರ್‌ನಲ್ಲಿ ಫಂಕ್ಷನ್ ಹೆಸರಿನ ಮೇಲೆ ಮೌಸ್ ಇಟ್ರೆ ಬರೋ ಪುಟ್ಟ ಪೆಟ್ಟಿಗೆ, ವೆಬ್‌ಸೈಟ್‌ನಲ್ಲಿ ಕಾಣೋ ಪುಟ, ಎರಡನ್ನೂ ತಯಾರು ಮಾಡೋದು ಈ ಡಾಕ್‌ಸ್ಟ್ರಿಂಗ್ ಓದೋ ಸಾಧನಗಳು. ಸಾರಾಂಶ ಎಲ್ಲಿ ಮುಗೀತು, ವಿವರ ಎಲ್ಲಿ ಶುರುವಾಯ್ತು ಅಂತ ಅವು ಕಂಡುಹಿಡಿಯೋದೇ ಖಾಲಿ ಸಾಲು ನೋಡಿ.

ನಮ್ಮ ಬೆಂಗಳೂರಿನದೇ ಒಂದು ಉದಾಹರಣೆ. ಝೆರೋಧಾದವರ ಪೈಕೈಟ್‌ಕನೆಕ್ಟ್ ಅನ್ನೋ ಓಪನ್ ಸೋರ್ಸ್ ಪೈಥಾನ್ ಲೈಬ್ರರಿ ಇದೆ, ಷೇರು ಮಾರುಕಟ್ಟೆಯ ಆರ್ಡರ್‌ಗಳನ್ನ ಕೋಡ್‌ನಿಂದ ಹಾಕೋಕೆ. ಅದರ ಡಾಕ್ಯುಮೆಂಟೇಶನ್ ಪುಟ ಪಿಡಾಕ್ ಅನ್ನೋ ಸಾಧನದಿಂದ, ಕೋಡ್ ಒಳಗಿನ ಡಾಕ್‌ಸ್ಟ್ರಿಂಗ್‌ಗಳಿಂದಲೇ ತಯಾರಾಗುತ್ತೆ. ಫಂಕ್ಷನ್‌ಗೆ ಏನೇನು ಕೊಡಬೇಕು ಅನ್ನೋದನ್ನ ಅಲ್ಲಿ ಒಂದೊಂದು ಅಡ್ಡಗೆರೆ ಹಾಕಿ ಪಟ್ಟಿ ಮಾಡಿದ್ದಾರೆ. ಓದೋಕೆ ಸಲೀಸು. ಇಂಥ ಲೈಬ್ರರಿಯಲ್ಲಿ ಆ ಬರಹ ಅಲಂಕಾರ ಅಲ್ಲ, ಅದನ್ನ ನಂಬಿ ಯಾರೋ ನಿಜವಾದ ದುಡ್ಡು ಹಾಕ್ತಾರೆ.

ಸಣ್ಣ ತಪ್ಪು, ದೊಡ್ಡ ಗೊಂದಲ

ಹಾಗಾದ್ರೆ ಎಂಥ ತಪ್ಪುಗಳು ಓದುಗರನ್ನ ದಾರಿ ತಪ್ಪಿಸ್ತವೆ? ನಾಲ್ಕು ಹೇಳ್ತೀನಿ.

ಒಂದು, ಪಟ್ಟಿಯ ಮೇಲೆ ಖಾಲಿ ಸಾಲು ಇಲ್ಲದೆ ಇರೋದು. ಗಿಟ್‌ಹಬ್‌ನಲ್ಲಿ ನೋಡಿದ್ರೆ ಪಟ್ಟಿ ಸರಿಯಾಗೇ ಕಾಣುತ್ತೆ. ಅದೇ ಬರಹವನ್ನ ಎಂಕೆಡಾಕ್ಸ್ ಬಳಸೋ ಹಳೇ ಮಾರ್ಕ್‌ಡೌನ್ ಪದ್ಧತಿಗೆ ಕೊಟ್ರೆ, ಐದು ಸಾಲಿನ ಪಟ್ಟಿ ಒಂದೇ ಪ್ಯಾರಾ ಆಗಿ ಕಲಸಿಹೋಗುತ್ತೆ. "ನನ್ನ ಕಂಪ್ಯೂಟರಲ್ಲಿ ಸರಿಯಿತ್ತಲ್ಲ" ಅನ್ನೋ ಜಗಳ ಹುಟ್ಟೋದು ಇಲ್ಲೇ.

ಎರಡು, ಬ್ಯಾಕ್‌ಟಿಕ್ ಎಷ್ಟು ಹಾಕಬೇಕು ಅನ್ನೋದು. ಮಾರ್ಕ್‌ಡೌನ್‌ನಲ್ಲಿ ಒಂದು ಬ್ಯಾಕ್‌ಟಿಕ್ ಸಾಕು, ಅದು ಕೋಡ್. ಸ್ಫಿಂಕ್ಸ್ ಅನ್ನೋ ಸಾಧನ ಬಳಸೋ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ನಲ್ಲಿ ಕೋಡ್‌ಗೆ ಎರಡೆರಡು ಬೇಕು. ಒಂದೇ ಹಾಕಿದ್ರೆ ಓರೆ ಅಕ್ಷರ ಆಗಿ ಬರುತ್ತೆ. ಇನ್ನೂ ಮಜಾ ಏನಂದ್ರೆ, ಕೋಡ್ ಅಂತ ಗುರುತಿಸದ ಬರಹದಲ್ಲಿ ಎರಡು ಅಡ್ಡಗೆರೆ ಇದ್ರೆ ಸ್ಫಿಂಕ್ಸ್ ಅವನ್ನ ಸೇರಿಸಿ ಒಂದು ಉದ್ದ ಗೆರೆ ಮಾಡುತ್ತೆ. ಎರಡು ಅಡ್ಡಗೆರೆ ಇಟ್ಟು ಬರೆಯೋ ಹೆಲ್ಪ್ ಕಮಾಂಡ್ ಹೀಗಾದ್ರೆ, ಅದನ್ನ ಕಾಪಿ ಮಾಡಿ ಟರ್ಮಿನಲ್‌ಗೆ ಹಾಕಿದವರಿಗೆ ಸಿಗೋದು ಎರರ್. ಹೊಸಬರು ಆಗ ತಮ್ಮನ್ನೇ ಬೈಕೋತಾರೆ.

ಮೂರು, ಒಂದೇ ಒಂದು ಸ್ಪೇಸ್. ನಂಪೈ ಶೈಲಿಯಲ್ಲಿ ಪ್ಯಾರಾಮೀಟರ್ ಹೆಸರು, ಆಮೇಲೆ ಕೋಲನ್, ಆಮೇಲೆ ಅದರ ಟೈಪ್. ಕೋಲನ್‌ಗೆ ಮುಂಚೆ ಒಂದು ಸ್ಪೇಸ್ ಇರಲೇಬೇಕು ಅಂತ ನಂಪೈಡಾಕ್ ಕೈಪಿಡಿ ಹೇಳುತ್ತೆ. ಬಿಟ್ರೆ ಹೆಸರು, ಟೈಪ್ ಎರಡೂ ಅಂಟಿಕೊಂಡು ಒಂದೇ ಹೆಸರು ಅನ್ನಿಸಿಕೊಳ್ಳುತ್ತೆ.

ನಾಲ್ಕು, ನಮ್ಮ ಕನ್ನಡದ ಸಮಸ್ಯೆ. ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ನಲ್ಲಿ ಶೀರ್ಷಿಕೆ ಕೆಳಗೆ ಗೆರೆ ಎಳೀಬೇಕು, ಅದು ಶೀರ್ಷಿಕೆಗಿಂತ ಚಿಕ್ಕದಿರಬಾರದು. ಇಂಗ್ಲಿಷ್‌ನಲ್ಲಿ ಎಣಿಸೋದು ಸುಲಭ. "ಕನ್ನಡ" ಅನ್ನೋ ಪದ ನಮ್ಮ ಕಣ್ಣಿಗೆ ಮೂರು ಅಕ್ಷರ. ಪೈಥಾನ್‌ನ ಕೇಳಿದ್ರೆ 5 ಅನ್ನುತ್ತೆ, ಯಾಕಂದ್ರೆ ಒತ್ತಕ್ಷರದಲ್ಲಿರೋ ಎರಡು ನಕಾರ, ನಡುವಿನ ಹಲಂತ ಎಲ್ಲವೂ ಬೇರೆ ಬೇರೆ ಲೆಕ್ಕ. ಕಣ್ಣಳತೆಯಲ್ಲಿ ಗೆರೆ ಎಳೆದ್ರೆ ಕಡಿಮೆ ಬೀಳುತ್ತೆ. ಸುಲಭದ ದಾರಿ: ಗೆರೆ ಧಾರಾಳವಾಗಿ ಎಳೀರಿ. ಉದ್ದ ಆದ್ರೆ ಯಾರೂ ಬೇಡ ಅನ್ನಲ್ಲ.

ಕತ್ತರಿ ಎಲ್ಲಿ ನಿಲ್ಲಬೇಕು

ಇದಕ್ಕೆಲ್ಲ ಒಂದು ಟೂಲ್ ಓಡಿಸಿದ್ರೆ ಆಗಲ್ವಾ ಅಂತೀರಾ? ಅರ್ಧ ಕೆಲಸ ಆಗುತ್ತೆ. ಮೊದಲು ಇದಕ್ಕೆ ಪೈಡಾಕ್‌ಸ್ಟೈಲ್ ಅಂತ ಒಂದಿತ್ತು. 2023ರಲ್ಲಿ ಅದನ್ನ ನಿಲ್ಲಿಸಿದ್ರು, ಅದನ್ನ ಮಾಡಿದವರೇ "ರಫ್ ಬಳಸಿ" ಅಂತ ಬರೆದ್ರು. ರಫ್‌ನಲ್ಲಿ ಡಿ ಅಕ್ಷರದ ಪಕ್ಕ ನೇರವಾಗಿ ಅಂಕಿ ಬರೋ ನಿಯಮಗಳು ಡಾಕ್‌ಸ್ಟ್ರಿಂಗ್‌ಗೆ ಸಂಬಂಧಪಟ್ಟವು. ಗೂಗಲ್ ಶೈಲಿ, ನಂಪೈ ಶೈಲಿ ಅಥವಾ ಪೆಪ್ 257, ಯಾವುದು ಬೇಕು ಅಂತ ಹೇಳಿದ್ರೆ ಅದಕ್ಕೆ ತಕ್ಕ ಹಾಗೆ ತಪ್ಪು ತೋರಿಸುತ್ತೆ, ಕೆಲವನ್ನ ತಾನೇ ತಿದ್ದುತ್ತೆ.

ಆದ್ರೆ ಯಾವ ಶೈಲಿ ಅಂತ ಆಯ್ಕೆ ಮಾಡೋದು ನೀವಲ್ಲ, ಆ ಲೈಬ್ರರಿ ನೋಡಿಕೊಳ್ಳೋರು. ಸಾರಾಂಶ ಮೂರು ಉದ್ಧರಣ ಚಿಹ್ನೆಗಳ ಪಕ್ಕದಲ್ಲೇ ಶುರುವಾಗಬೇಕಾ, ಕೆಳಗಿನ ಸಾಲಲ್ಲಾ? ಪೆಪ್ 257 ಎರಡನ್ನೂ ಒಪ್ಪುತ್ತೆ. ರಫ್‌ನಲ್ಲಿ ಎರಡಕ್ಕೂ ಒಂದೊಂದು ನಿಯಮ ಇದೆ, ಒಂದು ಹೌದು ಅಂದ್ರೆ ಇನ್ನೊಂದು ಅಲ್ಲ ಅನ್ನುತ್ತೆ. ಲೈಬ್ರರಿಯಲ್ಲಿ ಈಗಾಗಲೇ ಯಾವುದು ರೂಢಿಯೋ ಅದೇ ಸರಿ.

ಬೊಮ್ಮನಹಳ್ಳಿ, ಹೊಸೂರು ರಸ್ತೆ ಕಡೆ ಇರೋರಿಗೆ ಗಾರ್ಮೆಂಟ್ಸ್ ಹೊಸದೇನಲ್ಲ. ನಿಮ್ಮಲ್ಲಿ ಕೆಲವರ ಅಮ್ಮನೋ ಅಕ್ಕನೋ ಅಲ್ಲೇ ದುಡಿದಿರಬಹುದು. ಫಿನಿಶಿಂಗ್ ಸೆಕ್ಷನ್‌ನಲ್ಲಿ ಬಟ್ಟೆಯಿಂದ ಆಚೆ ನೇತಾಡೋ ದಾರಗಳನ್ನ ಕತ್ತರಿಸ್ತಾರೆ. ಹೊರಗಿನ ದಾರ ಕತ್ತರಿಸಿದ್ರೆ ಶರ್ಟ್ ಚೆಂದ. ಕತ್ತರಿ ಹೊಲಿಗೆಗೆ ತಾಗಿದ್ರೆ ಪೀಸೇ ಹಾಳು. ಡಾಕ್‌ಸ್ಟ್ರಿಂಗ್‌ನಲ್ಲೂ ಹೊಲಿಗೆ ಇರುತ್ತೆ, ಎರಡು ಜಾಗದಲ್ಲಿ.

ಮೊದಲನೇದು ಡಾಕ್‌ಟೆಸ್ಟ್. ಡಾಕ್‌ಸ್ಟ್ರಿಂಗ್ ಒಳಗೆ "ಹೀಗೆ ಕರೆದ್ರೆ ಹೀಗೆ ಉತ್ತರ ಬರುತ್ತೆ" ಅಂತ ಉದಾಹರಣೆ ಕೊಟ್ಟಿರ್ತಾರೆ. ಪೈಥಾನ್ ಅದನ್ನೇ ಪರೀಕ್ಷೆಯಾಗಿ ಓಡಿಸಬಲ್ಲದು, ಉತ್ತರವನ್ನ ಅಕ್ಷರಕ್ಕೆ ಅಕ್ಷರ ಹೋಲಿಸುತ್ತೆ. ಉತ್ತರದ ನಡುವೆ ಚೆಂದಕ್ಕೆ ಅಂತ ನೀವು ಒಂದು ಖಾಲಿ ಸಾಲು ಸೇರಿಸಿದ್ರೆ, ಉತ್ತರ ಅಲ್ಲಿಗೇ ಮುಗೀತು ಅಂದುಕೊಂಡು ಪರೀಕ್ಷೆ ಫೇಲ್ ಆಗುತ್ತೆ.

ಎರಡನೇದು ಬ್ಯಾಕ್‌ಸ್ಲ್ಯಾಶ್. ವಿಂಡೋಸ್‌ನ ಸಿ ಡ್ರೈವ್‌ನಲ್ಲಿ ನೋಟ್ಸ್ ಅನ್ನೋ ಫೋಲ್ಡರ್ ಇದೆ ಅಂತ ಬರೆದ್ರೆ, ಬ್ಯಾಕ್‌ಸ್ಲ್ಯಾಶ್ ಪಕ್ಕ ಇಂಗ್ಲಿಷಿನ ಎನ್ ಬರುತ್ತೆ. ಪೈಥಾನ್‌ಗೆ ಅದು "ಹೊಸ ಸಾಲು" ಅಂತ ಅರ್ಥ. ಪುಟದಲ್ಲಿ ವಾಕ್ಯ ನಡುವೆ ಮುರಿದು ಬೀಳುತ್ತೆ, ಎನ್ ಅಕ್ಷರ ಮಾಯ. ಡಾಕ್‌ಸ್ಟ್ರಿಂಗ್ ಮುಂದೆ ಆರ್ ಅಕ್ಷರ ಒಂದು ಸೇರಿಸಿದ್ರೆ ಸರಿಹೋಗುತ್ತೆ. ಇಂಥದ್ದನ್ನ ಹುಡುಕಿ ತಿದ್ದಿದ್ರೆ ಅದು ನಿಜವಾದ ಉಪಕಾರ.

2018ರ ಮಾರ್ಚ್, 2020ರ ಅಕ್ಟೋಬರ್

ಈಗ ಶುರುವಲ್ಲಿ ಹೇಳಿದ ಎರಡು ಕತೆ.

ಡೇಟಾ ಕೆಲಸ ಮಾಡೋರಿಗೆಲ್ಲ ಪಾಂಡಾಸ್ ಗೊತ್ತು. 2018ರ ಮಾರ್ಚ್ 10ರಂದು ಪಾಂಡಾಸ್ ಡಾಕ್ಯುಮೆಂಟೇಶನ್ ಸ್ಪ್ರಿಂಟ್ ನಡೀತು. ಮಾರ್ಕ್ ಗಾರ್ಸಿಯಾ ಅನ್ನೋರು ಅದರ ಸಂಘಟಕರು. ಜಗತ್ತಿನ 30ಕ್ಕೂ ಹೆಚ್ಚು ಜಾಗಗಳಲ್ಲಿ ಸುಮಾರು 500 ಜನ ಕೂತು ಡಾಕ್‌ಸ್ಟ್ರಿಂಗ್ ತಿದ್ದಿದ್ರು. ಹೇಗೆ ಬರೀಬೇಕು ಅಂತ ಮೊದಲೇ ಕೈಪಿಡಿ ಇತ್ತು. ಬರೆದದ್ದು ಸರಿಯಿದೆಯಾ ಅಂತ ತಮ್ಮ ಕಂಪ್ಯೂಟರಲ್ಲೇ ಪರೀಕ್ಷಿಸಿಕೊಳ್ಳೋಕೆ ಒಂದು ಸ್ಕ್ರಿಪ್ಟ್ ಇತ್ತು. ಮುಂದಿನ 0.23 ಆವೃತ್ತಿಯ ಟಿಪ್ಪಣಿಯಲ್ಲಿ ಪಾಂಡಾಸ್ ತಂಡದವರು ಇವರಿಗೆಲ್ಲ ಥ್ಯಾಂಕ್ಸ್ ಹೇಳಿದ್ರು. ಒಂದೊಂದನ್ನೂ ಪಟ್ಟಿ ಮಾಡೋಕೆ ಆಗದಷ್ಟು ಬದಲಾವಣೆ ಬಂದಿದ್ವು.

ಎರಡು ವರ್ಷದ ಮೇಲೆ, 2020ರ ಅಕ್ಟೋಬರ್. ಡಿಜಿಟಲ್‌ಓಷನ್ ಕಂಪನಿ ಪ್ರತಿ ವರ್ಷ ನಡೆಸೋ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಆಗ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದ್ರೆ ಟೀ ಶರ್ಟ್ ಸಿಗ್ತಿತ್ತು. ಪುಲ್ ರಿಕ್ವೆಸ್ಟ್ ಅಂದ್ರೆ "ನಾನು ಈ ಬದಲಾವಣೆ ಮಾಡಿದ್ದೀನಿ, ಸೇರಿಸಿಕೊಳ್ಳಿ" ಅನ್ನೋ ಕೋರಿಕೆ. ಜನ ರೀಡ್‌ಮಿ ಫೈಲ್‌ಗೆ ಒಂದು ಹೊಗಳಿಕೆ ಪದ ಸೇರಿಸಿ, ಒಂದು ಸ್ಪೇಸ್ ಅಳಿಸಿ, ಸಾವಿರಾರು ಕೋರಿಕೆ ಕಳಿಸಿಬಿಟ್ರು. ಲೈಬ್ರರಿ ನೋಡಿಕೊಳ್ಳೋರಲ್ಲಿ ಎಷ್ಟೋ ಜನಕ್ಕೆ ಇದು ಸಂಬಳ ಇಲ್ಲದ ಕೆಲಸ. ಪ್ರತಿಯೊಂದನ್ನೂ ತೆರೆದು, ಓದಿ, ಮುಚ್ಚೋಕೆ ಅವರ ರಾತ್ರಿ, ಭಾನುವಾರ ಹೋಯ್ತು. ಕೊನೆಗೆ ಅಕ್ಟೋಬರ್ 3ಕ್ಕೆ ನಿಯಮವೇ ಬದಲಾಯ್ತು, ತಾವಾಗೇ ಒಪ್ಪಿದ ಪ್ರಾಜೆಕ್ಟ್‌ಗಳು ಮಾತ್ರ ಲೆಕ್ಕಕ್ಕೆ. 2024ರ ಶುರುವಲ್ಲಿ ಎಕ್ಸ್‌ಪ್ರೆಸ್ ಅನ್ನೋ ಜಾವಾಸ್ಕ್ರಿಪ್ಟ್ ಲೈಬ್ರರಿಗೂ ಇದೇ ಗತಿ. ಕಲಿಯೋಕೆ ಅಂತ ರೀಡ್‌ಮಿಗೆ ತಮ್ಮ ಹೆಸರು ಸೇರಿಸಿ ಕಳಿಸಿದವರ ಸಾಲು.

ಎರಡು ಕಡೆಯೂ ಇದ್ದದ್ದು ಸಣ್ಣ ಸಣ್ಣ ಬದಲಾವಣೆಗಳೇ. ಪಾಂಡಾಸ್‌ನಲ್ಲಿ ಕೇಳಿದವರಿದ್ರು, ಮಾಡಿದವರು ಮೊದಲು ತಾವೇ ಪರೀಕ್ಷಿಸಿದ್ರು, ಓದುಗರಿಗೆ ಪುಟ ಉತ್ತಮವಾಯ್ತು. ಇನ್ನೊಂದು ಕಡೆ ಲಾಭ ಕಳಿಸಿದವರಿಗೆ, ಖರ್ಚು ಓದಿದವರಿಗೆ. ನನ್ನ ಷರತ್ತು ಇದೇ: ನಿಮ್ಮ ಬದಲಾವಣೆ ಉಳಿಸೋ ಸಮಯ, ಅದನ್ನ ಪರಿಶೀಲಿಸೋಕೆ ಹಿಡಿಯೋ ಸಮಯಕ್ಕಿಂತ ಜಾಸ್ತಿ ಇರಬೇಕು.

ಹಾಗಾದ್ರೆ ಮಾಡೋದು ಹೇಗೆ

ನೀವು ದಿನಾ ಬಳಸೋ ಲೈಬ್ರರಿಯಿಂದಲೇ ಶುರು ಮಾಡಿ. ಅದರ ಡಾಕ್ಯುಮೆಂಟೇಶನ್ ಪುಟವನ್ನ ಫೋನಲ್ಲೇ ಓದಿ. ಕಲಸಿಹೋದ ಪಟ್ಟಿ, ಓರೆಯಾದ ಕೋಡ್, ಮುರಿದ ವಾಕ್ಯ ಕಂಡ್ರೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಆ ಲೈಬ್ರರಿಯ ಕಾಂಟ್ರಿಬ್ಯೂಟಿಂಗ್ ಫೈಲ್ ಓದಿ, ಕೆಲವರು "ಬರೀ ಫಾರ್ಮ್ಯಾಟಿಂಗ್ ಬದಲಾವಣೆ ಬೇಡ" ಅಂತ ಸ್ಪಷ್ಟವಾಗೇ ಬರೆದಿರ್ತಾರೆ. ಇಲ್ಲದಿದ್ರೆ ಮೊದಲು ಒಂದು ಇಶ್ಯೂ ತೆರೆದು ಕೇಳಿ: "ಈ ಪುಟ ಹೀಗೆ ಕಾಣ್ತಿದೆ, ತಿದ್ದಲಾ?"

ಒಪ್ಪಿದ್ರೆ ಒಂದು ಸಲಕ್ಕೆ ಒಂದೇ ಥರದ ತಪ್ಪು ತಿದ್ದಿ. ಡಾಕ್‌ಸ್ಟ್ರಿಂಗ್ ತಿದ್ದೋ ಜೊತೆಗೆ ವೇರಿಯಬಲ್ ಹೆಸರನ್ನೂ ಬದಲಾಯಿಸಬೇಡಿ. ಪುಟವನ್ನ ನಿಮ್ಮ ಕಂಪ್ಯೂಟರಲ್ಲೇ ತಯಾರಿಸಿ ನೋಡಿ, ಡಾಕ್‌ಟೆಸ್ಟ್ ಓಡಿಸಿ. ಕೋರಿಕೆಯಲ್ಲಿ ಮೊದಲು ಹೇಗಿತ್ತು, ಈಗ ಹೇಗಿದೆ ಅನ್ನೋ ಎರಡು ಚಿತ್ರ ಹಾಕಿ. ಪರಿಶೀಲಿಸೋರಿಗೆ ಅರ್ಧ ನಿಮಿಷ ಸಾಕು.

ಒಂದು ವೇಳೆ ಇಡೀ ಲೈಬ್ರರಿಗೇ ಟೂಲ್ ಓಡಿಸೋಣ ಅಂತ ಅವರೇ ಹೇಳಿದ್ರೆ, ಅದನ್ನ ಪ್ರತ್ಯೇಕ ಕಮಿಟ್ ಮಾಡಿ. ಯಾಕಂದ್ರೆ "ಈ ಸಾಲು ಯಾರು, ಯಾವಾಗ ಬರೆದ್ರು" ಅಂತ ಗಿಟ್ ಬ್ಲೇಮ್‌ನಲ್ಲಿ ನೋಡಿದ್ರೆ ಎಲ್ಲಾ ಕಡೆ ನಿಮ್ಮ ಹೆಸರೇ ಬಂದು ಹಳೇ ಇತಿಹಾಸ ಮುಚ್ಚಿಹೋಗುತ್ತೆ. 2019ರಲ್ಲಿ ಬಂದ ಗಿಟ್ 2.23ರಿಂದ, ಇಂಥ ಕಮಿಟ್‌ಗಳನ್ನ ಲೆಕ್ಕಕ್ಕೆ ತಗೋಬೇಡ ಅಂತ ಒಂದು ಫೈಲ್‌ನಲ್ಲಿ ಪಟ್ಟಿ ಮಾಡಿ ಹೇಳಬಹುದು.

ಒಬ್ಬರೇ ಮಾಡೋಕೆ ಹಿಂಜರಿಕೆ ಇದ್ರೆ ಜೊತೆಗಾರರಿದ್ದಾರೆ. ಬೆಂಗಳೂರಲ್ಲಿ ಬ್ಯಾಂಗ್‌ಪೈಪರ್ಸ್ ಅನ್ನೋ ಪೈಥಾನ್ ಬಳಗ ಇದೆ, ಫಾಸ್ ಯುನೈಟೆಡ್ ಬಳಗ ಇದೆ. ದೇಶದ ಮೊದಲ ಪೈಕಾನ್ ಇಂಡಿಯಾ ನಡೆದದ್ದೂ ಇಲ್ಲೇ, 2009ರಲ್ಲಿ, ಐಐಎಸ್‌ಸಿಯಲ್ಲಿ. 2025ರ ಆಗಸ್ಟ್‌ನಿಂದ ಹಳದಿ ಮೆಟ್ರೋ ಓಡ್ತಿದೆ, ಬೊಮ್ಮನಹಳ್ಳಿಗೂ ಸ್ಟೇಷನ್ ಇದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ ಅನ್ನೋ ನೆಪ ಇನ್ನು ನಡೆಯಲ್ಲ.

ರೆಸ್ಯೂಮೆ ವಿಷಯಕ್ಕೂ ಒಂದು ಮಾತು. ಇಂಟರ್‌ವ್ಯೂನಲ್ಲಿ "ಹತ್ತು ಪುಲ್ ರಿಕ್ವೆಸ್ಟ್ ಕಳಿಸಿದ್ದೀನಿ" ಅಂದ್ರೆ ಎದುರಿಗಿರೋರು ಅವನ್ನ ತೆರೆದು ನೋಡ್ತಾರೆ. "ಈ ಪುಟದಲ್ಲಿ ಪಟ್ಟಿ ಕಲಸಿಹೋಗಿತ್ತು, ಕಾರಣ ಇದು, ಹೀಗೆ ತಿದ್ದಿದೆ, ಪರೀಕ್ಷೆ ಓಡಿಸಿದೆ" ಅಂತ ಒಂದನ್ನ ವಿವರಿಸೋಕೆ ಬಂದ್ರೆ, ಅದು ಹತ್ತಕ್ಕೆ ಸಮ. ಕಾರಣ ಹುಡುಕಿ ಹೇಳೋ ಅಭ್ಯಾಸ ಇದೆ ಅನ್ನೋದು ಅಲ್ಲಿ ಗೊತ್ತಾಗುತ್ತೆ.

ಈ ವಾರ ನೀವು ಬಳಸಿದ ಯಾವ ಲೈಬ್ರರಿಯ ಪುಟ ಓದೋಕೆ ಕಷ್ಟ ಆಯ್ತು, ಯಾಕೆ ಆಯ್ತು ಅಂತ ನಮಗೆ ವಾಯ್ಸ್ ನೋಟ್ ಕಳಿಸಿ. ಒಳ್ಳೇದನ್ನ ಆರಿಸಿ ಮುಂದಿನ ಸಂಚಿಕೆಯಲ್ಲಿ ಒಟ್ಟಿಗೆ ಬಿಡಿಸಿ ನೋಡೋಣ.